ತಾಂಬರಂ ವಿದ್ಯಾಲಯವೂ ಗಣಕವಿದ್ಯೆಯೂ



ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರು ವಿಷಯದ ಆಯ್ಕೆಯನ್ನು ಉಪನ್ಯಾಸಕನ ವಿವೇಚನೆಗೇ ಬಿಟ್ಟು, ಅದು ಈ ಚೆನ್ನೈ ನಗರದ ವಿದ್ಯಾಜೀವನಕ್ಕೂ ಕನ್ನಡಕ್ಕೂ ಏಕಕಾಲದಲ್ಲಿ ಸಂಬಂಧಿಸಿರಬೇಕೆಂಬ ಒಂದೇ ನಿಯಮವನ್ನು ವಿಧಿಸಿರುವುದರಿಂದ, ಬಹುಕಾಲದಿಂದ ನನ್ನ ಮನಸ್ಸಿನಲ್ಲಿದ್ದ ವಿಚಾರವೊಂದನ್ನು ಇಂದು ನಿಮ್ಮ ಮುಂದಿಡಲು ಅವಕಾಶವಾಯಿತು. ಕ್ರೈಸ್ತ ಸಂಸ್ಥೆಗಳು ನಡೆಸುವ ವಿದ್ಯಾಲಯಗಳಲ್ಲಿ ಗಣಕವಿಜ್ಞಾನವನ್ನು ಅಭ್ಯಾಸಮಾಡುವುದರ ಅರ್ಥವೇನೆಂಬುದೇ ಆ ವಿಚಾರ. ಪ್ರತಿವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಏಳುತ್ತದೆ: ಇಂಜಿನಿಯರಿಂಗಿಗೆ ಸೀಟು ಸಿಗದಿದ್ದರೆ ತಾಂಬರದ ಕ್ರಿಶ್ಚಿಯನ್ ಕಾಲೇಜಿನಲ್ಲಿಯೋ ಲೊಯೋಲಾದಲ್ಲಿಯೋ ಸ್ಟೆಲ್ಲಾ ಮೇರಿಸ್‌ನಲ್ಲಿಯೋ ಬಿ.ಸಿ.ಎ. ಅಥವಾ ಬಿ.ಎಸ್‌ಸಿ. ಸೇರಿಸಬಹುದೆ, ಫೀಸು ಎಷ್ಟು, ಹಾಸ್ಟೆಲ್ಲು ಹೇಗಿದೆ, ಓದು ಮುಗಿದ ಮೇಲೆ ಕೆಲಸ ಸಿಕ್ಕೀತೆ ಎಂದು ತಂದೆತಾಯಿಗಳು ಪರಸ್ಪರ ಕೇಳಿಕೊಳ್ಳುತ್ತಾರೆ. ಜೀವನೋಪಾಯದ ಚಿಂತೆ ನ್ಯಾಯವಾದುದೇ. ಅದನ್ನು ಲಘುವಾಗಿ ಕಾಣುವ ಅಧಿಕಾರ ಯಾವ ಉಪನ್ಯಾಸಕನಿಗೂ ಇಲ್ಲ. ಆದರೆ ಇಂಜಿನಿಯರಿಂಗು ದೊರೆಯದವರಿಗೆ ಉಳಿದ ಎರಡನೆಯ ದಾರಿ ಎಂದು ನಾವು ಯಾವುದನ್ನು ತಿಳಿದಿರುವೆವೋ ಅಲ್ಲಿಯೇ, ಈ ದೇಶದ ಗಣಕವಿಜ್ಞಾನದ ಅತ್ಯಂತ ಸ್ವತಂತ್ರವಾದ ಚಿಂತನೆಗಳಲ್ಲೊಂದು ಹುಟ್ಟಿ ಬೆಳೆಯಿತೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ.

ಭಾರತದಲ್ಲಿ ಗಣಕದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ಇತಿಹಾಸವನ್ನು ಬರೆಯುತ್ತಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಈ ನಗರದ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಹೋದ ಆರ್. ನರಸಿಂಹನ್ನರ ನೇತೃತ್ವದಲ್ಲಿ, ಟಿಫ್ರ್ಯಾಕ್ ಎಂಬ ಸ್ವದೇಶಿ ಗಣಕ ಸಿದ್ಧವಾದುದು 1960ರಲ್ಲಿ, ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಬಂದುದು 1963ರಲ್ಲಿ; ನಮ್ಮ ಅಡಯಾರಿನ ಬಳಿಯ ಐ.ಐ.ಟಿ.ಗೆ ಐ.ಬಿ.ಎಂ. 370 ಬಂದುದು 1973ರಲ್ಲಿ. ಇವೆಲ್ಲವೂ ನಿಜವಾದ ಮೈಲಿಗಲ್ಲುಗಳೇ. ಆದರೆ ಯಂತ್ರವು ಬಂದಿಳಿದ ದಿನದಿಂದಲೇ ವಿದ್ಯೆಯೂ ಆರಂಭವಾಯಿತೆಂದು ಎಣಿಸುವುದು, ಮುದ್ರಣಯಂತ್ರ ಬಂದ ದಿನದಿಂದ ಸಾಹಿತ್ಯವನ್ನು ಎಣಿಸಿದಂತೆ. ಗಣಕವಿಜ್ಞಾನವೆಂಬುದು ಮೂಲತಃ ನಿಯಮಗಳ ಶಾಸ್ತ್ರ: ಪರಿಮಿತವಾದ ಕೆಲವು ನಿಯಮಗಳಿಂದ ಅಪರಿಮಿತವಾದ ರೂಪಗಳು ಹೇಗೆ ಉತ್ಪನ್ನವಾಗುತ್ತವೆ, ಒಂದು ರೂಪವನ್ನು ಕೊಟ್ಟರೆ ಅದು ಆ ನಿಯಮಗಳಿಗೆ ಸಲ್ಲುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಹೇಗೆ ಎಂಬ ಪ್ರಶ್ನೆಗಳು ಅದರ ಹೃದಯದಲ್ಲಿವೆ. ಇಂತಹ ಪ್ರಶ್ನೆಗಳನ್ನು ಕೇಳಲು ಕಾಗದ, ಪೆನ್ಸಿಲ್, ಮತ್ತು ನಾನಾ ಶಾಸ್ತ್ರಗಳವರು ಒಟ್ಟಿಗೆ ಬಾಳುವ ಒಂದು ತಾಣ, ಇಷ್ಟಿದ್ದರೆ ಸಾಕು.

ಅಂತಹ ತಾಣವೊಂದು ತಾಂಬರದಲ್ಲಿ ಏರ್ಪಟ್ಟ ಕಥೆ ದೀರ್ಘವಾದುದು. ಸ್ಕಾಟ್ಲೆಂಡಿನ ಮಿಷನರಿ ಜಾನ್ ಆಂಡರ್ಸನ್ 1837ರಲ್ಲಿ ಮದರಾಸಿನಲ್ಲಿ ತೆರೆದ ಸಣ್ಣ ಪಾಠಶಾಲೆಯು, 1862ರಲ್ಲಿ ಬಂದ ವಿಲಿಯಂ ಮಿಲ್ಲರರ ಕೈಯಲ್ಲಿ ಬೆಳೆದು, 1877ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಎಂಬ ಹೆಸರನ್ನು ಪಡೆಯಿತು. ಮತಾಂತರದ ಲೆಕ್ಕಕ್ಕಿಂತ ವಿಚಾರದ ಪ್ರಸಾರವೇ ವಿದ್ಯಾಲಯದ ಕೆಲಸವೆಂದು ಮಿಲ್ಲರರು ನಂಬಿದ್ದರೆಂಬುದು ಅವರ ಕಾಲದ ಮಿಷನರಿ ವಲಯಗಳಲ್ಲಿಯೇ ವಿವಾದಕ್ಕೆ ಕಾರಣವಾಗಿತ್ತು. ಅವರು ಹಾಕಿದ ಆ ಮೇಲ್ಪಂಕ್ತಿಯ ಫಲವನ್ನು ಕಾಣಬೇಕಾದರೆ, ಅಲ್ಲಿ ತತ್ತ್ವಶಾಸ್ತ್ರವನ್ನೋದಿದ ಸರ್ವೇಪಲ್ಲಿ ರಾಧಾಕೃಷ್ಣನ್ನರನ್ನು ನೆನೆದರಾಯಿತು. ತಮ್ಮ ಧರ್ಮದ ಮೇಲೆ ಅಧ್ಯಾಪಕರು ಮಾಡುತ್ತಿದ್ದ ಟೀಕೆಗೆ ಉತ್ತರವಾಗಿ ಅವರು 1908ರಲ್ಲಿ ವೇದಾಂತದ ನೀತಿಶಾಸ್ತ್ರವನ್ನು ಕುರಿತು ಪ್ರಬಂಧವನ್ನು ಬರೆದರು. ಅದನ್ನು ಮೆಚ್ಚಿ ಪ್ರಶಂಸಿಸಿದವರು ಅದೇ ಕ್ರೈಸ್ತ ಅಧ್ಯಾಪಕರಲ್ಲೊಬ್ಬರಾದ ಎ. ಜಿ. ಹಾಗ್. ಗುರುವಿನ ನಂಬಿಕೆಗೆ ಪ್ರತಿಯಾಗಿ ಶಿಷ್ಯನು ವಾದಿಸಬಹುದಾದ ಸ್ಥಳ ಅದಾಗಿತ್ತು. ಆ ರಾಧಾಕೃಷ್ಣನ್ನರು ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿಗೆ ಬಂದು ನಮ್ಮವರಿಗೂ ಪಾಠ ಹೇಳಿದರೆಂಬುದನ್ನು ಕನ್ನಡಿಗರಾದ ನಾವು ಮರೆಯಲಾರೆವು.

1937ರಲ್ಲಿ ಕಾಲೇಜು ಜಾರ್ಜ್ ಟೌನಿನ ಇಕ್ಕಟ್ಟಿನಿಂದ ಹೊರಟು, ವಿದ್ಯುತ್ ರೈಲು ಆಗಲೇ ತಲುಪಿದ್ದ ತಾಂಬರಂ ನಿಲ್ದಾಣದ ಪಕ್ಕದ 365 ಎಕರೆ ಕುರುಚಲು ಕಾಡಿಗೆ ಬಂದು ನೆಲೆಸಿತು. ವಾಸಕ್ಕೆ ಸೆಲೈಯೂರ್, ಸೇಂಟ್ ಥಾಮಸ್, ಬಿಷಪ್ ಹೀಬರ್ ಎಂಬ ಮೂರು ಹಾಲ್‌ಗಳು. ಅಧ್ಯಾಪಕರ ಮನೆಗಳೂ ಅದೇ ಆವರಣದೊಳಗೆ. ರಸಾಯನಶಾಸ್ತ್ರದ ಅಧ್ಯಾಪಕರಾದ ಎಡ್ವರ್ಡ್ ಬಾರ್ನ್ಸ್ ತಮ್ಮ ಪ್ರಯೋಗಶಾಲೆಯ ಕೆಲಸದೊಡನೆ ಸಸ್ಯಶಾಸ್ತ್ರವನ್ನೂ ಕೈಗೆತ್ತಿಕೊಂಡು ಆ ನೆಲದಲ್ಲಿ ಮರಗಳನ್ನು ಬೆಳೆಸಿದರು. ತುಮಕೂರಿನಲ್ಲಿ ಜನಿಸಿದ ನಮ್ಮ ರಾಜಾ ರಾಮಣ್ಣನವರು ಭೌತವಿಜ್ಞಾನವನ್ನು ಓದಿದುದು ಇಲ್ಲಿಯೇ. ಅಣುವಿಜ್ಞಾನಿಯಾಗಿ ಪ್ರಖ್ಯಾತರಾದ ಅವರು ಜೀವನಪರ್ಯಂತ ಪಿಯಾನೋ ನುಡಿಸಿದವರು, ಸಂಗೀತವನ್ನು ಕುರಿತು ಗ್ರಂಥ ಬರೆದವರು. ಒಂದು ಶಾಸ್ತ್ರದ ಬೇಲಿಯೊಳಗೇ ಮನುಷ್ಯನನ್ನು ಕೂಡಿಹಾಕದ ಒಂದು ಶೀಲ ಆ ವಿದ್ಯಾಲಯಕ್ಕೆ ಬಹಳ ಹಿಂದಿನಿಂದಲೂ ಇದ್ದಿತೆಂಬುದಕ್ಕೆ ಈ ನಿದರ್ಶನಗಳು ಸಾಕು.

ಇನ್ನು ನನ್ನ ಉಪನ್ಯಾಸದ ಮುಖ್ಯ ವ್ಯಕ್ತಿಗಳಿಗೆ ಬರುತ್ತೇನೆ. ಗಿಫ್ಟ್ ಸಿರೋಮಣಿಯವರು (1932–1988) ತಾಂಬರದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಪತ್ನಿ ರಾಣಿ ಸಿರೋಮಣಿಯವರು ಅಲ್ಲಿಯೇ ಗಣಿತಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದರು. ಮನುಷ್ಯಭಾಷೆಯ ವಾಕ್ಯಗಳನ್ನು ಪುನರ್ಲೇಖನದ ನಿಯಮಗಳಿಂದ ಉತ್ಪಾದಿಸುವ ವ್ಯಾಕರಣಗಳ ಸಿದ್ಧಾಂತವನ್ನು ಅಮೆರಿಕದ ನೋಮ್ ಚಾಮ್ಸ್ಕಿ 1950ರ ದಶಕದಲ್ಲಿ ಮಂಡಿಸಿದ್ದರು. ಗಣಕಕ್ಕೆ ಆಜ್ಞೆ ಕೊಡುವ ಕೃತಕಭಾಷೆಗಳ ರಚನೆಗೆ ಅದೇ ಸಿದ್ಧಾಂತ ತಳಹದಿಯಾಯಿತು. ಆದರೆ ಆ ವ್ಯಾಕರಣಗಳು ಅಕ್ಷರವಾದ ಮೇಲೆ ಅಕ್ಷರವೆಂಬಂತೆ ಒಂದೇ ಸಾಲಿನಲ್ಲಿ ಸಾಗುವಂತಹವು. ಸಾಲಿಗೆ ವ್ಯಾಕರಣವಿರುವುದಾದರೆ ಚಿತ್ರಕ್ಕೇಕೆ ಇರಬಾರದು? ಉದ್ದವೂ ಅಗಲವೂ ಉಳ್ಳ ಆಕೃತಿಯನ್ನು ನಿಯಮಗಳಿಂದ ಹೆಣೆಯುವುದು ಹೇಗೆ? ಸಿರೋಮಣಿ ದಂಪತಿಗಳು, ಕಮಲಾ ಕೃತಿವಾಸನ್ನರನ್ನು ಜೊತೆಗೂಡಿಸಿಕೊಂಡು, ಈ ಪ್ರಶ್ನೆಯನ್ನೆತ್ತಿ 1972ರಿಂದ ಮೊದಲ್ಗೊಂಡು ಪ್ರಬಂಧಗಳನ್ನು ಪ್ರಕಟಿಸಿದರು. ಅವರ ಉಪಾಯ ಸರಳವೂ ಸುಂದರವೂ ಆದುದು: ಮೊದಲ ಹಂತದಲ್ಲಿ ನಿಯಮಗಳು ಒಂದು ಅಡ್ಡಸಾಲನ್ನು ಉತ್ಪಾದಿಸುತ್ತವೆ, ಎರಡನೆಯ ಹಂತದಲ್ಲಿ ಆ ಸಾಲಿನ ಪ್ರತಿಯೊಂದು ಸಂಕೇತವೂ ತನ್ನ ನಿಯಮಕ್ಕನುಸಾರವಾಗಿ, ಮಿಕ್ಕೆಲ್ಲ ಸಂಕೇತಗಳೊಡನೆ ಸಮವಾಗಿ ಹೆಜ್ಜೆಯಿಡುತ್ತ, ಕೆಳಮುಖವಾಗಿ ಬೆಳೆಯುತ್ತದೆ. ಎಲ್ಲ ಕಂಬಗಳೂ ಒಟ್ಟಿಗೆ ನಿಂತಾಗ ಆಯತಾಕಾರದ ಚಿತ್ರವೊಂದು ಸಿದ್ಧವಾಗಿರುತ್ತದೆ. ಆ ಶಾಸ್ತ್ರದಲ್ಲಿ ದುಡಿಯುವವರು ಇಂದಿಗೂ ಅದನ್ನು ಸಿರೋಮಣಿ ಮ್ಯಾಟ್ರಿಕ್ಸ್ ವ್ಯಾಕರಣವೆಂದೇ ಕರೆಯುತ್ತಾರೆ.

ಈ ವ್ಯಾಕರಣವನ್ನು ಅವರು ಯಾವುದರ ಮೇಲೆ ಪ್ರಯೋಗಿಸಿದರು? 1974ರಲ್ಲಿ ಮೂವರೂ ಸೇರಿ ಹೊರತಂದ ಪ್ರಬಂಧದ ವಸ್ತು ಕೋಲಂ, ಎಂದರೆ ನಮ್ಮ ರಂಗವಲ್ಲಿ. ತಾಂಬರದ ಸುತ್ತಣ ಊರುಗಳಲ್ಲಿ, ಬೆಳಗಿನ ಜಾವದಲ್ಲಿ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಚುಕ್ಕಿಯಿಟ್ಟು ಎಳೆಯನ್ನೆಳೆಯುವ ಹೆಂಗಸಿನ ಬೆರಳುಗಳಲ್ಲಿ ನಿಯಮಬದ್ಧವಾದ ಒಂದು ಉತ್ಪಾದಕ ವ್ಯಾಕರಣವಿದೆಯೆಂದು ಕಂಡ ಕಣ್ಣು ಅಸಾಧಾರಣವಾದುದು. ಇದನ್ನು ನಮ್ಮ ಮನೆಯ ಮಾತಿನಲ್ಲಿಯೇ ನೋಡಬಹುದು. ನಮ್ಮ ತಾಯಂದಿರು ರಂಗೋಲಿ ಪುಸ್ತಕದ ಅಂಚಿನಲ್ಲಿ "7ರಿಂದ 4, ಮಧ್ಯ ಚುಕ್ಕಿ" ಎಂದು ಬರೆದಿಟ್ಟುಕೊಳ್ಳುತ್ತಾರಷ್ಟೆ. ಇಷ್ಟೇ ಮಾತು, ಆದರೆ ಇಷ್ಟರಿಂದ ನಡುಸಾಲಿಗೆ ಏಳು ಚುಕ್ಕಿ, ಅದರ ಮೇಲೆ ಕೆಳಗೆ ಚುಕ್ಕಿಗಳ ಸಂದಿಗೆ ಬರುವಂತೆ ಆರಾರು, ಆ ಬಳಿಕ ಐದೈದು, ಕಡೆಗೆ ನಾಲ್ಕುನಾಲ್ಕು, ಹೀಗೆ ಒಟ್ಟು 37 ಚುಕ್ಕಿಗಳು ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ನೆಲದ ಮೇಲೆ ಬೀಳುತ್ತವೆ. "7ರಿಂದ 1, ನೇರ ಚುಕ್ಕಿ" ಎಂದರೆ ಸಾಲಿಗೆ ಎರಡೆರಡು ಕಡಿಮೆಯಾಗುತ್ತ ಏಳು, ಐದು, ಮೂರು, ಒಂದು ಎಂದಿಳಿದು 25 ಚುಕ್ಕಿಗಳಾಗುತ್ತವೆ. ಆರಂಭ, ಅವಸಾನ, ಪುನರಾವೃತ್ತಿಯ ಕ್ರಮ, ಈ ಮೂರನ್ನು ನಾಲ್ಕು ಪದಗಳಲ್ಲಿ ಅಡಗಿಸಿದ ಈ ಸೂತ್ರವನ್ನು ಗಣಕಕ್ಕೆ ಬರೆದುಕೊಟ್ಟ ಕ್ರಮವಿಧಿಯಿಂದ ಬೇರ್ಪಡಿಸುವ ಗೆರೆಯನ್ನು ನಾನು ಕಾಣೆ. ಇನ್ನು ಚುಕ್ಕಿಗಳನ್ನು ಬಳಸಿ ಸುತ್ತಿ ಹೊರಟ ಎಳೆಯು, ಎಲ್ಲ ಚುಕ್ಕಿಗಳನ್ನೂ ಒಳಗೊಂಡು, ಎಲ್ಲಿಯೂ ಕಡಿಯದೆ ಹೊರಟಲ್ಲಿಗೇ ಬಂದು ಸೇರುವುದೋ, ಅಥವಾ ಎರಡು ಮೂರು ಎಳೆಗಳು ಬೇಕಾಗುವುವೋ ಎಂಬುದು ಗಣಿತಜ್ಞರನ್ನು ಬಹುದಿನ ಹಿಡಿದು ನಿಲ್ಲಿಸಿದ ಪ್ರಶ್ನೆ. 1980ರ ದಶಕದಲ್ಲಿ ಸಿರೋಮಣಿಯವರ ಬಳಗ ಅದಕ್ಕಾಗಿಯೇ ಬೇರೆ ಜಾತಿಯ ವ್ಯಾಕರಣಗಳನ್ನು ರಚಿಸಿತು.

ಗಿಫ್ಟ್ ಸಿರೋಮಣಿಯವರ ಆಸಕ್ತಿ ಅಲ್ಲಿಗೇ ನಿಲ್ಲಲಿಲ್ಲ. ಮಾಮಲ್ಲಪುರದ ಶಿಲ್ಪಗಳ ಉಡುಗೆತೊಡುಗೆಗಳ ವಿವರಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡು, ಅವುಗಳ ಆಧಾರದಿಂದ ಕಾಲನಿರ್ಣಯಕ್ಕೆ ತೊಡಗಿದರು. ತತ್ತ್ವಶಾಸ್ತ್ರದ ಅಧ್ಯಾಪಕರಾದ ಮೈಕೇಲ್ ಲಾಕ್‌ವುಡ್ ಮತ್ತು ಸಸ್ಯಶಾಸ್ತ್ರದ ಅಧ್ಯಾಪಕರಾದ ಪಿ. ದಯಾನಂದನ್ ಅವರೊಡನೆ ಸೇರಿ 1974ರಲ್ಲಿ ಮಾಮಲ್ಲಪುರವನ್ನು ಕುರಿತ ಗ್ರಂಥವನ್ನು ಹೊರತಂದರು. ಅಚ್ಚಾದ ತಮಿಳು ಅಕ್ಷರಗಳನ್ನು, ಪ್ರಾಚೀನ ಬ್ರಾಹ್ಮೀ ಲಿಪಿಯನ್ನು ಗಣಕವು ತಾನೇ ಗುರುತಿಸುವಂತೆ ಮಾಡುವ ಪ್ರಯತ್ನಗಳನ್ನು ಅವರು ನಡೆಸಿದಾಗ ಅಂತಹ ಕೆಲಸ ಭಾರತದಲ್ಲಿ ಇನ್ನೂ ಶೈಶವದಲ್ಲಿತ್ತು. ಸಿಂಧೂ ಮುದ್ರೆಗಳ ಲಿಪಿಸಾಲುಗಳನ್ನು ಪದಗಳಾಗಿ ಒಡೆಯುವ ಗಣಿತವಿಧಾನವೂ ಅವರ ಕಡೆಯ ವರ್ಷಗಳ ಕೆಲಸ. ಸಂಖ್ಯಾಶಾಸ್ತ್ರಜ್ಞ, ತತ್ತ್ವಶಾಸ್ತ್ರಜ್ಞ, ಸಸ್ಯಶಾಸ್ತ್ರಜ್ಞ, ಮೂವರೂ ಒಂದೇ ಶಿಲ್ಪದ ಮುಂದೆ ನಿಂತು ಮಾತನಾಡಿಕೊಳ್ಳಬೇಕಾದರೆ ಅವರು ಒಂದೇ ಆವರಣದಲ್ಲಿ ಬಾಳುವವರಾಗಿರಬೇಕು, ಸಂಜೆ ಒಂದೇ ಮರದಡಿಯಲ್ಲಿ ನಡೆಯುವವರಾಗಿರಬೇಕು. ಕ್ರೈಸ್ತ ವಿದ್ಯಾಲಯದಿಂದ ಗಣಕವಿದ್ಯೆಗೆ ಬಂದ ಲಾಭವೇನೆಂದು ಕೇಳಿದರೆ ಸಹವಾಸವೆಂಬ ಈ ಏರ್ಪಾಟನ್ನೇ ನಾನು ಮೊದಲು ತೋರಿಸುತ್ತೇನೆ. ಪ್ರಾರ್ಥನಾಮಂದಿರವನ್ನೂ ಭೋಜನಶಾಲೆಯನ್ನೂ ಗ್ರಂಥಾಲಯವನ್ನೂ ಒಂದೇ ಆವರಣದಲ್ಲಿ ಕಟ್ಟಿ, ಗುರುಶಿಷ್ಯರ ಬಾಳನ್ನು ಒಂದಾಗಿಸುವ ಪದ್ಧತಿ ಆ ಧರ್ಮದ ಮಠಗಳಿಂದ ಅದರ ವಿದ್ಯಾಲಯಗಳಿಗೆ ಬಂದುದು; ಶ್ರವಣಬೆಳಗೊಳವನ್ನೂ ಸಿದ್ಧಗಂಗೆಯನ್ನೂ ಬಲ್ಲ ನಮಗೆ ಅದು ಅಪರಿಚಿತವೇನಲ್ಲ.

ಲೊಯೋಲಾದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1925ರಲ್ಲಿ ಜೆಸ್ಯೂಟರು ಸ್ಥಾಪಿಸಿದ ಆ ಕಾಲೇಜಿಗೆ, ಪ್ಯಾರಿಸ್ಸಿನಲ್ಲಿ ಎಲೀ ಕಾರ್ತಾನ್ ಅವರ ಶಿಷ್ಯರಾಗಿದ್ದ ಫಾದರ್ ಚಾರ್ಲ್ಸ್ ರಸೀನ್ ಗಣಿತವನ್ನು ಬೋಧಿಸಲು ಬಂದರು. ಪರೀಕ್ಷೆಯ ಗಣಿತಕ್ಕೂ ಜೀವಂತವಾದ ಗಣಿತಕ್ಕೂ ಇರುವ ಅಂತರವನ್ನು ಬಲ್ಲ ಅವರು ತಮ್ಮ ಅತ್ಯುತ್ತಮ ವಿದ್ಯಾರ್ಥಿಗಳನ್ನು ಮುಂಬಯಿಯ ಟಾಟಾ ಸಂಸ್ಥೆಯತ್ತ ಕಳುಹಿಸಿದರು. ಎಂ. ಎಸ್. ನರಸಿಂಹನ್, ಸಿ. ಎಸ್. ಶೇಷಾದ್ರಿ, ಸಿ. ಪಿ. ರಾಮಾನುಜಂ ಅವರಲ್ಲಿ ಸೇರಿದವರು. ಮೊದಲಿಬ್ಬರ ಹೆಸರನ್ನು ಹೊತ್ತ ಪ್ರಮೇಯ 1965ರದು. ಶೇಷಾದ್ರಿಯವರು ತರುವಾಯ ಈ ನಗರದಲ್ಲಿ ಕಟ್ಟಿದ, ಇಂದು ಸಿರುಸೇರಿಯಲ್ಲಿರುವ, ಚೆನ್ನೈ ಗಣಿತ ಸಂಸ್ಥೆಯಲ್ಲಿ ಗಣಿತವನ್ನೂ ಗಣಕವಿಜ್ಞಾನವನ್ನೂ ಒಡಹುಟ್ಟಿದ ವಿದ್ಯೆಗಳಂತೆ ಕಲಿಸುತ್ತಾರೆ. ರಾಣಿ ಸಿರೋಮಣಿಯವರೂ ನಿವೃತ್ತಿಯ ಬಳಿಕ ಅಲ್ಲಿ ಸೇವೆ ಸಲ್ಲಿಸಿದರು. ಲೊಯೋಲಾ, ತಾಂಬರಂಗಳಿಂದ ಹೊರಟ ಎರಡು ಧಾರೆಗಳು ಸಿರುಸೇರಿಯಲ್ಲಿ ಕೂಡಿದುವೆಂದರೆ ತಪ್ಪಾಗಲಾರದು.

ಪರದೇಶಗಳಲ್ಲಿಯೂ ಇಂತಹ ನಿದರ್ಶನಗಳಿಲ್ಲದಿಲ್ಲ. ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ತೊ ಬೂಸಾ, ಸಂತ ಥಾಮಸ್ ಅಕ್ವಿನಾಸರ ಲ್ಯಾಟಿನ್ ಗ್ರಂಥಗಳ ಪದಾನುಕ್ರಮಣಿಕೆಯನ್ನು ಸಿದ್ಧಪಡಿಸುವ ಸಂಕಲ್ಪದಿಂದ 1949ರಲ್ಲಿ ಐ.ಬಿ.ಎಂ. ಮುಖ್ಯಸ್ಥ ಥಾಮಸ್ ವಾಟ್ಸನ್ನರನ್ನು ಕಂಡು, ಮೂರು ದಶಕಗಳ ದುಡಿಮೆಯಿಂದ 56 ಸಂಪುಟಗಳನ್ನು ಹೊರತಂದರು. ಸಾಹಿತ್ಯಾಧ್ಯಯನದಲ್ಲಿ ಗಣಕವನ್ನು ಬಳಸುವವರೆಲ್ಲರಿಗೂ ಅವರೇ ಮೂಲಪುರುಷರು. ಅಮೆರಿಕದ ಸಂನ್ಯಾಸಿನಿ ಮೇರಿ ಕೆನೆತ್ ಕೆಲ್ಲರ್ 1965ರಲ್ಲಿ ಗಣಕವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆ ದೇಶದಲ್ಲಿ ಆ ಪದವಿಯನ್ನು ಗಳಿಸಿದ ಮೊದಲ ಮಹಿಳೆ ಅವರು. ಬಳಿಕ ಕ್ಲಾರ್ಕ್ ಎಂಬ ಕ್ಯಾಥೊಲಿಕ್ ಮಹಿಳಾ ಕಾಲೇಜಿನಲ್ಲಿ ಗಣಕವಿಜ್ಞಾನದ ವಿಭಾಗವನ್ನು ಸ್ಥಾಪಿಸಿ 20 ವರ್ಷ ನಡೆಸಿದರು.

ಬೂಸಾ ಪಾದ್ರಿಯ ಹೆಸರು ಬಂದೊಡನೆ ಕನ್ನಡಿಗನ ಮನಸ್ಸು ಮಂಗಳೂರಿಗೆ ಹೋಗದಿರುವುದು ಅಸಾಧ್ಯ. ಅಲ್ಲಿಯ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ಲರು 1894ರಲ್ಲಿ ಪ್ರಕಟಿಸಿದ ನಿಘಂಟು ಯಾವ ಯಂತ್ರದ ನೆರವೂ ಇಲ್ಲದೆ ಮಾಡಿದ ಅದೇ ಜಾತಿಯ ತಪಸ್ಸು. ಆ ನಿಘಂಟನ್ನು ಪರಿಷ್ಕರಿಸಿ, ವಿಸ್ತರಿಸಿ, 1968ರಿಂದ 1971ರವರೆಗೆ ಸಂಪುಟಗಳಲ್ಲಿ ಹೊರತಂದವರು ಮದ್ರಾಸ್ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ಎಂ. ಮರಿಯಪ್ಪ ಭಟ್ಟರು, ಎಂದರೆ ಕಿಟ್ಟೆಲ್ ಕೋಶದ ಎರಡನೆಯ ಜನ್ಮ ಈ ನಗರದ ಕಡಲತೀರದಲ್ಲಾಯಿತು. ಕಿಟ್ಟೆಲ್ಲರ ಮತ್ತೊಂದು ಉಪಕಾರವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ: ನಾಗವರ್ಮನ ಛಂದಶ್ಶಾಸ್ತ್ರಗ್ರಂಥವಾದ ಛಂದೋಂಬುಧಿಯನ್ನು ಅವರು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಆ ಗ್ರಂಥದ ಅಂಶಗಣಗಳ ಪ್ರಕರಣವನ್ನು ಗಣಕವಿಜ್ಞಾನದ ವಿದ್ಯಾರ್ಥಿಯೊಬ್ಬನ ಕೈಗೆ ಕೊಟ್ಟರೆ ಅವನು ಅದರಲ್ಲಿ ತನ್ನ ಪಾಠವನ್ನೇ ಕಾಣುವನು. ನಿಯಮ ಇಷ್ಟೆ: ಗಣದ ಮೊದಲ ಅಂಶ ಒಂದು ಗುರು, ಇಲ್ಲವೆ ಎರಡು ಲಘು, ಮಿಕ್ಕ ಅಂಶಗಳು ಒಂದೊಂದೂ ಗುರು, ಇಲ್ಲವೆ ಒಂದು ಲಘು. ಎರಡಂಶದ ಬ್ರಹ್ಮಗಣಕ್ಕೆ 4 ರೂಪಗಳು, ಮೂರಂಶದ ವಿಷ್ಣುಗಣಕ್ಕೆ 8, ನಾಲ್ಕಂಶದ ರುದ್ರಗಣಕ್ಕೆ 16. ತ್ರಿಪದಿಯಲ್ಲಿ 11 ಗಣಗಳು; ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದ ಒಂಬತ್ತೂ ವಿಷ್ಣು. ಅಂಶಗಳನ್ನು ಕೂಡಿಸಿದರೆ 31. ಪ್ರತಿ ಅಂಶದಲ್ಲಿಯೂ ಕವಿಗೆ ಎರಡೇ ಆಯ್ಕೆ. ಎರಡನ್ನು ಮೂವತ್ತೊಂದು ಸಾರಿ ಗುಣಿಸಿ ನೋಡಿ: ಲಕ್ಷಣ ತಪ್ಪದ ತ್ರಿಪದಿಯೊಂದು 214 ಕೋಟಿ 74 ಲಕ್ಷ 83 ಸಾವಿರದ 648 ವಿಧವಾದ ನಡೆಗಳಲ್ಲಿ ಹರಿಯಬಲ್ಲದು. ಸೊನ್ನೆ ಮತ್ತು ಒಂದರ ಸಾಲಿನಲ್ಲಿ ಜಗತ್ತನ್ನು ಬರೆಯುವ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಕಾವ್ಯಬಂಧ ಯಾವ ಭಾಷೆಯಲ್ಲಿದ್ದೀತು?

ಈಗಿನ ಸ್ಥಿತಿಯನ್ನು ನೋಡಿದರೆ ನನಗೆ ವ್ಯಸನವಾಗುವುದುಂಟು. ರಾಜೀವ್ ಗಾಂಧಿ ಸಾಲೈಯುದ್ದಕ್ಕೂ ಎದ್ದಿರುವ ಗಣಕೋದ್ಯಮದ ಕಚೇರಿಗಳು ಯಾವ ಉಪಕರಣವನ್ನು ಈ ವರ್ಷ ಬಯಸುವುವೋ ಅದನ್ನೇ ಪಠ್ಯಕ್ರಮವು ಬೆನ್ನಟ್ಟುತ್ತದೆ. ಆ ಉಪಕರಣ ಹಳತಾಗುವ ಹೊತ್ತಿಗೆ ವಿದ್ಯಾರ್ಥಿ ಪದವೀಧರನಾಗಿರುತ್ತಾನೆ. ತಾಂಬರದಲ್ಲಿ ಓದುವ ಹುಡುಗ ಮೂರು ವರ್ಷ ಆ ಮರಗಳ ನಡುವೆ ಓಡಾಡಿಯೂ ಸಿರೋಮಣಿ ದಂಪತಿಗಳ ಹೆಸರನ್ನು ಕೇಳದೆ ಹೋದರೆ ಆ ನಷ್ಟಕ್ಕೆ ಅವನು ಹೊಣೆಯಲ್ಲ. ಕೆಲಸ ಸಿಗಲಿ, ಸಿಗಲೇಬೇಕು; ಆದರೆ ಕೆಲಸ ಕೊಡುವವರು ಕೇಳುವ ವಿದ್ಯೆಯನ್ನು ಆರು ತಿಂಗಳ ತರಬೇತಿಯಲ್ಲಿ ಎಲ್ಲಿ ಬೇಕಾದರೂ ಪಡೆಯಬಹುದು. ಬಾಗಿಲ ಮುಂದಿನ ಚುಕ್ಕಿಯಲ್ಲಿ ವ್ಯಾಕರಣವನ್ನು ಕಾಣುವ ದೃಷ್ಟಿ ಬರಬೇಕಾದರೆ ಪೂರ್ಣಕಾಲದ ಸಹವಾಸ ಬೇಕು, ಬೇರೆ ಶಾಸ್ತ್ರದ ಗುರುಗಳು ಬೇಕು, ತಕ್ಷಣದ ಪ್ರಯೋಜನವನ್ನು ಕೇಳದ ಅವಕಾಶ ಬೇಕು. ನಾನೂರು ವರ್ಷಗಳ ಹಿಂದೆ ಜೆಸ್ಯೂಟ್ ಸಂಘದ ವಿದ್ಯಾಲಯಗಳಲ್ಲಿ ಗಣಿತವನ್ನೂ ಖಗೋಳವನ್ನೂ ಕಾವ್ಯದೊಡನೆ ಕಲಿಸಿದ ಸಂಪ್ರದಾಯಕ್ಕೆ ಸೇರಿದವರು ಇಂದು ಇದನ್ನು ಬಿಟ್ಟುಕೊಡಬಾರದೆಂಬುದು ಅವರಲ್ಲಿ ನನ್ನ ವಿನಂತಿ.

ಈ ದತ್ತಿಯ ಹಿರಿಯರಲ್ಲಿಯೂ ಒಂದು ವಿನಂತಿಯಿದೆ. ಅಂಶಗಣಗಳ ನಿಯಮವನ್ನು ಪುಸ್ತಕದಲ್ಲಿರುವಂತೆ ಗಣಕಕ್ಕೆ ಬರೆದುಕೊಡುವುದು ಒಂದು ವಾರದ ಕೆಲಸ. ಆದರೆ ಬೀಸುವ ಕಲ್ಲಿನ ಮುಂದೆ ಹಾಡಿದ ನಮ್ಮ ಜನಪದ ತ್ರಿಪದಿಗಳನ್ನು ಆ ನಿಯಮಕ್ಕೆ ಒಡ್ಡಿದಾಗ ಅವುಗಳಲ್ಲಿ ಎಷ್ಟೋ ಲಕ್ಷಣ ತಪ್ಪಿದಂತೆ ತೋರುವುವು. ಹಾಡುವಾಗ ಮಾತ್ರ ತಪ್ಪುವುದಿಲ್ಲ. ಹಾಡುವ ಹೆಂಗಸು ಒಂದೆಡೆ ಲಘುವನ್ನು ಎಳೆದು ಗುರುವಾಗಿಸುತ್ತಾಳೆ, ಮತ್ತೊಂದೆಡೆ ಎರಡಕ್ಷರವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾಳೆ, ಎಲ್ಲಿ ಎಳೆಯಬಹುದು ಎಲ್ಲಿ ಎಳೆಯಬಾರದು ಎಂಬುದಕ್ಕೂ ಅವಳಲ್ಲಿ ನಿಯಮವಿದೆ. ಆ ನಿಯಮವನ್ನು ಇನ್ನೂ ಯಾರೂ ಗಣಕಕ್ಕೆ ತಿಳಿಯುವಂತೆ ಬರೆದಿಲ್ಲವೆಂದು ನನ್ನ ತಿಳಿವಳಿಕೆ. ಅದನ್ನು ಬರೆಯಲು ಧಾರವಾಡ, ವಿಜಯಪುರಗಳ ಕಡೆಯ ಧ್ವನಿಮುದ್ರಣಗಳು ಬೇಕು. ಸಂಖ್ಯಾಶಾಸ್ತ್ರವನ್ನು ಬಲ್ಲವರೊಬ್ಬರು, ಸಂಗೀತವನ್ನು ಬಲ್ಲವರೊಬ್ಬರು, ಮದ್ರಾಸ್ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಾಪಕರೊಬ್ಬರು ಬೇಕು. ಈ ನಗರದ ಯಾವುದಾದರೊಂದು ಕ್ರೈಸ್ತ ವಿದ್ಯಾಲಯದಲ್ಲಿ ಗಣಕವಿಜ್ಞಾನವನ್ನು ಓದುತ್ತಿರುವ, ತಾಯಿಯ ಬಾಯಿಂದ ಕನ್ನಡ ಕಲಿತ, ಒಬ್ಬ ವಿದ್ಯಾರ್ಥಿಗೆ ಅಥವಾ ವಿದ್ಯಾರ್ಥಿನಿಗೆ ಈ ದತ್ತಿಯ ಬಡ್ಡಿಯನ್ನು ಎರಡು ವರ್ಷಗಳ ಕಾಲ ವೇತನವಾಗಿ ಕೊಟ್ಟು ಈ ಕೆಲಸವನ್ನು ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಈ ಉಪನ್ಯಾಸಕ್ಕಾಗಿ ನನಗೆ ಸಲ್ಲಬೇಕಾದ ಸಂಭಾವನೆಯನ್ನು ಆ ಮೊತ್ತಕ್ಕೇ ಸೇರಿಸಿಕೊಳ್ಳಬೇಕೆಂದು ಕಾರ್ಯದರ್ಶಿಗಳಿಗೆ ಈಗಾಗಲೇ ತಿಳಿಸಿದ್ದೇನೆ.